ಹ್ವಾಜಾಳ ಬೋಣಿ

ಬೆಳಗ್ಗೆ ಏಳಕ್ಕೆ ಮೊಟ್ಟೆ ಗಾಡಿಯ ಧ್ವನಿವರ್ಧಕ ನಮ್ಮ ಓಣಿಗೆ ಬರುತ್ತದೆ. "ಮೊಟ್ಟೆ ಬಂತು, ತಾಜಾ ಮೊಟ್ಟೆ" ಎಂದು ಯಾವತ್ತೋ ಧ್ವನಿ ಮುದ್ರಿಸಿ ಹೋದ ಗಂಡಸೊಬ್ಬ ಅದರೊಳಗಿಂದ ಬೇಸರವಿಲ್ಲದೆ ಕೂಗುತ್ತಾನೆ. ಮೂರನೆಯ ಮಹಡಿಯ ಕಿಟಕಿಯಿಂದ ಮೆಂಗ್ ಹ್ವಾಜಾ ದಿನವೂ ಅವನಿಗೆ ಉತ್ತರ ಕೊಡುತ್ತಾಳೆ. "ನಿನ್ನೇನೂ ತಾಜಾ, ಇವತ್ತೂ ತಾಜಾ. ನಿಮ್ಮ ಕೋಳಿಗೆ ರಜಾನೇ ಇಲ್ವೇನಪ್ಪ?"

ಆ ಶನಿವಾರ ಕಿಟಕಿ ತೆರೆಯಲಿಲ್ಲ. ಹ್ವಾಜಾ ಕನ್ನಡಿಯ ಮುಂದಿದ್ದಳು. ಮಗಳು ಬೋರಮ್ ಮದುವೆಯಾಗಲಿರುವ ಹುಡುಗನ ಅಪ್ಪ ಅಮ್ಮ ಅಂದು ರಾಜಧಾನಿ ಸೋಲ್‌ನಿಂದ ನಮ್ಮೂರು ಮಸಾನ್‌ಗೆ ಬರುವವರಿದ್ದರು. ಒಂದು ಗಂಟೆಗೆ ಹೋಟೆಲಿನಲ್ಲಿ ಎರಡೂ ಮನೆಯವರು ಎದುರುಬದುರು ಕೂತು ಊಟ ಮಾಡಬೇಕು. ಬೀಗರು ಇಬ್ಬರೂ ಕಾಲೇಜಿನಲ್ಲಿ ಪಾಠ ಹೇಳುವವರು. ಹ್ವಾಜಾ ಬಸ್ ನಿಲ್ದಾಣದ ಕೆಳಗಿನ ನೆಲಮಾಳಿಗೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಬಟ್ಟೆ ಮಾರುವವಳು. ಅದಕ್ಕೇ ಮೂರು ವಾರ ಹುಡುಕಿ, ಬದನೆಕಾಯಿ ಬಣ್ಣದ ಉದ್ದ ಕೋಟೊಂದನ್ನು ತನ್ನ ಅಂಗಡಿಯ ಸರಕಿನಿಂದಲೇ ಆರಿಸಿಟ್ಟಿದ್ದಳು. ಯಾರೋ ಅಳತೆ ತಪ್ಪಿ ಕತ್ತರಿಸಿದ ಕೋಟು. ತೋಳನ್ನು ಎರಡು ಸಲ ಮಡಚಿದರೆ ಅವಳ ಕೈ ಕಾಣುತ್ತಿತ್ತು.

"ಇವತ್ತೊಂದಿನ ಅಂಗಡಿ ಮುಚ್ಚಮ್ಮ" ಎಂದು ಬೋರಮ್ ಹಿಂದಿನ ದಿನವೇ ಹೇಳಿದ್ದಳು.

"ಬೋಣಿ ಆಗ್ದೆ ಬೀಗರ ಮುಂದೆ ಹೇಗೆ ಕೂತ್ಕೊಳ್ಳಲಿ?"

ಮೊದಲ ಗಿರಾಕಿ ಬರಿಗೈಯಲ್ಲಿ ಹೋದರೆ ಆ ದಿನವೆಲ್ಲ ಅವರ ಹಿಂದೆಯೇ ಹೊರಟುಹೋಗುತ್ತದೆ ಎಂಬುದು ಹ್ವಾಜಾಳ ನಂಬಿಕೆ. ಅವಳ ಹತ್ತಿರ ಸಾಕ್ಷಿಯೂ ಇದೆ. ಬೋರಮ್ ಪರೀಕ್ಷೆಯಲ್ಲಿ ಫೇಲಾದದ್ದು ಓದದೆ ಅಲ್ಲ; ಆ ಬೆಳಗ್ಗೆ ಹಸಿರು ಛತ್ರಿಯ ಹೆಂಗಸೊಬ್ಬಳು ಎಲ್ಲವನ್ನೂ ಮುಟ್ಟಿ ನೋಡಿ ಏನೂ ಕೊಳ್ಳದೆ ಹೋಗಿದ್ದರಿಂದ.

ಹತ್ತು ಗಂಟೆಗೆ ಹ್ವಾಜಾ ಆ ಕೋಟಿನಲ್ಲೇ ಬಂದು ಅಂಗಡಿ ತೆರೆದಳು. ಬೇಗ ಒಂದು ಬೋಣಿ, ಆಮೇಲೆ ಬಸ್ಸು ಎಂಬುದು ಅವಳ ಲೆಕ್ಕ. ಹತ್ತೂವರೆಗೆ ಮೊದಲ ಗಿರಾಕಿ ಬಂದಳು. ಎಳೆ ವಯಸ್ಸಿನ ವಿದೇಶಿ ಹೆಂಗಸು. ತೂಗುಹಾಕಿದ ಅಂಗಿಗಳಿಗೆ ತಲೆ ತಾಗದಂತೆ ಬಾಗಿ ನಿಂತಿದ್ದಳು.

"ಅಜ್ಜಿಯವರೇ, ನಮಸ್ಕಾರ. ನಾನು ಈ ಮೇಲಂಗಿಯನ್ನು ಧರಿಸಿ ನೋಡಬಹುದೇ?"

ಎದುರು ಅಂಗಡಿಯಲ್ಲಿ ಕಾಲುಚೀಲ ಜೋಡಿಸುತ್ತಿದ್ದ ಓಕ್‌ರನ್ ಕೈ ನಿಲ್ಲಿಸಿದಳು.

ಹ್ವಾಜಾ ಹಿಂದೆ ತಿರುಗಿ ನೋಡಿದಳು. "ಅಜ್ಜಿ ಯಾರೂ ಕಾಣ್ತಿಲ್ವಲ್ಲ. ಇಲ್ಲಿ ನಾನೂ ಅಕ್ಕ, ನೀನೂ ಅಕ್ಕ. ಆ ಕಾಲುಚೀಲದ ಮುದುಕೀನೂ ಅಕ್ಕಾನೇ."

"ಮುದುಕಿಗೆ ನಿನಗಿಂತ ಎರಡು ವರ್ಷ ಕಮ್ಮಿ" ಎಂದಳು ಓಕ್‌ರನ್.

ಹಾಕಿ ನೋಡುವಂತಿಲ್ಲ ಎಂದು ನಾಲ್ಕು ಭಾಷೆಯಲ್ಲಿ ಬರೆದ ಹಲಗೆ ಗೋಡೆಯ ಮೇಲಿತ್ತು. ಹ್ವಾಜಾ ಅದನ್ನು ಗೋಡೆ ಕಡೆ ತಿರುಗಿಸಿ, ತೆಳುವಾದ ಬಿಳಿ ಮುಸುಕೊಂದನ್ನು ಕೊಟ್ಟಳು. "ಮೊದಲು ಇದನ್ನ ತಲೆ ಮೇಲಿಂದ ಹಾಕ್ಕೋ, ಲಿಪ್‌ಸ್ಟಿಕ್ ಅಂಟಬಾರ್ದು. ಆಮೇಲೆ ಬಟ್ಟೆ. ಶೂ ಪರದೆ ಹೊರಗೆ ಬಿಡು."

ಪರದೆ ಬಹಳ ಹೊತ್ತು ಅಲ್ಲಾಡಿತು. ಅಲ್ಲಲ್ಲಿ ಮೊಣಕೈ ಮೂಡಿ ಮರೆಯಾಯಿತು. ಕೊನೆಗೆ ಅವಳು ಹೊರಬಂದಾಗ ಅಂಗಿಯ ತೋಳು ಮೊಣಕೈಗೆ ನಿಂತಿತ್ತು, ಮುಸುಕು ಮುಖದ ಮೇಲೇ ಇತ್ತು.

"ಈ ಭಾಗವೂ ಇದರ ಜೊತೆಗೇ ಬರುತ್ತದೆಯೇ?" ಎಂದಿತು ಮುಸುಕು.

"ಅದು ಬೇಡ ಅನ್ನು, ಬೆಲೆ ಇಳಿಸ್ತಾಳೆ" ಎಂದಳು ಓಕ್‌ರನ್.

ಹ್ವಾಜಾಳ ಅಂಗಡಿಯಲ್ಲಿ ಎಲ್ಲವೂ ಫ್ರೀ ಸೈಜ್. ಅಂದರೆ ಯಾರಿಗಾದರೂ ಆಗುತ್ತದೆ, ಅವರು ಹ್ವಾಜಾಳಷ್ಟೇ ಇದ್ದರೆ. ಐದು ಅಂಗಿ ಒಳಗೆ ಹೋದವು, ಐದೂ ಗೇಣುದ್ದ ಸಾಲದೆ ಹೊರಗೆ ಬಂದವು. ಹನ್ನೊಂದೂವರೆಗೆ ಬೋರಮ್ ಫೋನ್ ಮಾಡಿದಳು.

"ಅಮ್ಮ, ಹೊರಟ್ಯಾ?"

"ಬಸ್ಸಲ್ಲಿದ್ದೀನಿ" ಎಂದಳು ಹ್ವಾಜಾ, ಆರನೆಯ ಅಂಗಿಯನ್ನು ಕೊಕ್ಕೆಯಿಂದ ತೆಗೆಯುತ್ತ.

"ನನ್ನ ಒಂದು ಜೊತೆ ಕಾಲುಚೀಲ ಮಾರಿಬಿಡೇ" ಎಂದು ಓಕ್‌ರನ್ ಪಿಸುಗುಟ್ಟಿದಳು.

"ನಿನ್ನ ಸರಕು ಮಾರಿದ್ರೆ ಬೋಣಿ ನಿಂದಾಗತ್ತೆ. ಬೀಗರೂ ನಿನಗೇ ಸಿಗ್ತಾರೆ."

ಆರನೆಯದೂ ಆಗಲಿಲ್ಲ. ವಿದೇಶಿ ಹೆಂಗಸು ಮುಸುಕನ್ನು ನಾಲ್ಕಾಗಿ ಮಡಚಿ, ಎರಡೂ ಕೈಯಲ್ಲಿ ಹಿಂದಿರುಗಿಸಿ ಬಾಗಿದಳು. ಶೂ ಹಾಕಿಕೊಂಡಳು. ಅವಳ ಹಿಂದೆಯೇ ಹ್ವಾಜಾಳ ಆ ದಿನವೂ ಮೆಟ್ಟಿಲ ಕಡೆ ಹೊರಟು ನಿಂತಿತ್ತು. ಆಗ ಆ ಹೆಂಗಸು ತಿರುಗಿ, ಹೋಗುವಾಗ ಹೊಗಳಬೇಕೆಂದು ಎಲ್ಲೋ ಓದಿದವಳಂತೆ ಹೇಳಿದಳು:

"ನಿಮ್ಮ ಕೋಟು ಬಹಳ ಸುಂದರವಾಗಿದೆ, ಅಕ್ಕನವರೇ."

ಹ್ವಾಜಾ ತನ್ನ ತೋಳನ್ನು ನೋಡಿಕೊಂಡಳು. ಒಂದು ಮಡಿಕೆ ಬಿಚ್ಚಿದಳು. ಓಕ್‌ರನ್ "ಬೇಡ" ಎನ್ನುವಷ್ಟರಲ್ಲಿ ಇನ್ನೊಂದನ್ನೂ ಬಿಚ್ಚಿದಳು.

"ಹಾಕ್ಕೊಂಡು ನೋಡು."

ಅಳತೆ ತಪ್ಪಿಸಿದವನು ಇವಳನ್ನೇ ನೆನೆದು ಕತ್ತರಿಸಿದ್ದನೋ ಎಂಬಂತೆ ಕೋಟು ಕೂತಿತು. ಕೋಟಿಲ್ಲದ ಹ್ವಾಜಾ ತೆಳು ಬಿಳಿ ಅಂಗಿಯಲ್ಲಿ ತುಂಬ ಚಿಕ್ಕವಳಾಗಿ ಕಂಡಳು.

"ನಲವತ್ತೊಂಬತ್ತು ಸಾವಿರ ವೋನ್. ನಗದಾದ್ರೆ ನಲವತ್ತೈದು. ದುಡ್ಡು ವಾಪಸ್ ಇಲ್ಲ. ವಾರದೊಳಗೆ ಬೇರೆ ಬಟ್ಟೆ ಬದಲಾಯಿಸ್ಕೋಬಹುದು. ಆದ್ರೆ ನಿನಗಾಗೋ ಬೇರೆ ಬಟ್ಟೆ ಇಲ್ಲಿಲ್ಲ ಅಂತ ಇಬ್ರಿಗೂ ಗೊತ್ತಾಗಿದೆ."

ನೋಟು ಕೈಗೆ ಬಂದ ತಕ್ಷಣ ಹ್ವಾಜಾ ಅವುಗಳ ಮೇಲೆ "ತೂ, ತೂ" ಎಂದಳು. ವಿದೇಶಿ ಹೆಂಗಸಿನ ಮುಖ ಬಿಳಿಚಿಕೊಂಡಿತು.

"ನನ್ನಿಂದ ಏನಾದರೂ ಅಪರಾಧವಾಯಿತೇ?"

"ಇಲ್ಲಕ್ಕ. ಎಲ್ಲೂ ಓಡಿಹೋಗ್ದಿರ್ಲಿ ಅಂತ ಅಂಟಿಸ್ತಿದ್ದೀನಿ."

ಆ ಹೆಂಗಸು ನೆಮ್ಮದಿಯಿಂದ ಹೋದಳು. ಹ್ವಾಜಾ ಕೊಕ್ಕೆಯಿಂದ ಬೂದು ಬಣ್ಣದ ಸ್ವೆಟರೊಂದನ್ನು ಎಳೆದು ತಲೆಗೆ ತೂರಿಸಿದಳು.

"ಆ ಪಾಠ ಹೇಳೋರ ಮುಂದೆ ಇದರಲ್ಲಾ?" ಎಂದಳು ಓಕ್‌ರನ್. "ಬೋರಮ್ ನಿನ್ನ ಜೊತೆ ಮಾತು ಬಿಡ್ತಾಳೆ."

"ಬೋಣಿ ಆಗಿದೆ ಕಣೆ. ಗೋಣಿ ಉಟ್ಕೊಂಡು ಹೋದ್ರೂ ಸಂಬಂಧ ಕೂಡತ್ತೆ." ಹ್ವಾಜಾ ಚೀಲ ಹೆಗಲಿಗೇರಿಸಿದಳು. ಹನ್ನೆರಡಾಗಿತ್ತು. ಅಷ್ಟು ಹೇಳಿದ ಮೇಲೂ ಅವಳು ಕೂದಲನ್ನು ಎರಡು ಸಲ ಸರಿಮಾಡಿಕೊಂಡಳು.

"ಬೆಲೆಚೀಟಿ ಬೆನ್ನ ಮೇಲೆ ನೇತಾಡ್ತಿದೆ."

"ಇರ್ಲಿ, ಬೀಗರಿಗೂ ಬೆಲೆ ಗೊತ್ತಾಗ್ಲಿ" ಎನ್ನುತ್ತಲೇ ಹಿಂದೆ ಕೈ ಹಾಕಿ ಚೀಟಿ ಕಿತ್ತು, ಹ್ವಾಜಾ ಆಗಲೇ ಮೆಟ್ಟಿಲ ಕಡೆ ನಡೆಯುತ್ತಿದ್ದಳು. "ಅಂಗಡಿ ನೋಡ್ಕೋ. ಯಾರಾದ್ರೂ ಬಂದ್ರೆ ಶೂ ಬಿಚ್ಚಿಸು, ಮುಸುಕು ಕೊಡು, ಮೂರು ಸಾವಿರ ಇಳಿಸು, ಅದಕ್ಕಿಂತ ಜಾಸ್ತಿ ಇಳಿಸಿದ್ಯೋ, ನಾನು ಬಂದು ನಿನ್ನ ಕಾಲುಚೀಲನೆಲ್ಲ ಅರ್ಧ ಬೆಲೆಗೆ ಮಾರಿಬಿಡ್ತೀನಿ!"