ಮೊದಲ ಮಂಗಳಾರತಿಗೆ ಕಾದ ಕೂದಲು

ನನಗೆ ಹೇಸಿಗೆ ಜಾಸ್ತಿ. ಇದನ್ನು ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಹಾಲಿನಲ್ಲಿ ಕೆನೆ ತೇಲಿದರೆ ಕುಡಿಯಲಾರೆ, ಸಿಂಕಿನ ಜಾಲರಿಯಲ್ಲಿ ಸಿಕ್ಕಿದ ಅನ್ನವನ್ನು ಬರಿಗೈಯಲ್ಲಿ ತೆಗೆಯಲಾರೆ, ಬಸ್ಸಿನಲ್ಲಿ ಪಕ್ಕದವರು ಉಗುರು ಕಚ್ಚಿದರೆ ಸೀಟು ಬಿಟ್ಟು ಎದ್ದು ನಿಲ್ಲುತ್ತೇನೆ. ಮದುವೆಯಾಗಿ ವಿಲ್ಸನ್ ಗಾರ್ಡನ್ನಿನಿಂದ ಜರಗನಹಳ್ಳಿಗೆ ಬಂದ ಹೊಸತರಲ್ಲಿ ನನ್ನ ಅತ್ತೆ ನೆಂಟರಿಗೆಲ್ಲ ನನ್ನನ್ನು ಪರಿಚಯಿಸುತ್ತಿದ್ದದ್ದೇ "ನಮ್ ಸೊಸೆ, ಮೂಗು ಮುರಿಯೋದ್ರಲ್ಲಿ ಫಸ್ಟು" ಎಂದು. ಎರಡು ಮಕ್ಕಳನ್ನು ಹೆತ್ತ ಮೇಲೆ ಅದು ಅರ್ಧಕ್ಕರ್ಧ ಇಳಿಯಿತು. ಕಕ್ಕ, ವಾಂತಿ, ಸಿಂಬಳ ಎಲ್ಲವನ್ನೂ ಬಳಿದಿದ್ದೇನೆ. ಆದರೆ ಒಂದು ಮಳೆಗಾಲದಲ್ಲಿ ನನಗೆ ಹುಟ್ಟಿದ ಹೇಸಿಗೆ ಬೇರೆ ಥರದ್ದು. ಅದು ಇನ್ನೂ ಹೋಗಿಲ್ಲ.

ನಮ್ಮದು ಹಳೇ ಊರಿನ ಮನೆ. ಸುತ್ತ ಜೆ.ಪಿ. ನಗರ ಬೆಳೆದು ಊರನ್ನು ನುಂಗಿದ್ದರೂ ಮನೆಯವರು ಇನ್ನೂ ಊರೊಳಗೆ, ಊರಾಚೆ ಎಂದೇ ಮಾತಾಡುತ್ತಾರೆ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡ. ಮೇಲೆ ಬಾಡಿಗೆಯವರು, ನಡುವೆ ನಾವು, ಕೆಳಗೆ ರಸ್ತೆಗೆ ಎರಡು ಅಂಗಡಿ. ಒಂದು ಜೆರಾಕ್ಸ್, ಇನ್ನೊಂದು ಸಲೂನ್. ನಮ್ಮ ಮಲಗುವ ಕೋಣೆಯ ನೆಲವೇ ಆ ಸಲೂನಿನ ಸೂರು. ಬೆಳಿಗ್ಗೆ ಎದ್ದರೆ ಕೆಳಗಿಂದ ಹಾಡೂ ಕತ್ತರಿಯ ಸದ್ದೂ ಒಟ್ಟಿಗೇ ಕೇಳುತ್ತವೆ.

ನಮ್ಮ ಯಜಮಾನರ ಮನೆತನದಲ್ಲಿ ಗಂಡುಮಗುವಿನ ಮೊದಲ ಕೂದಲು ಮನೆದೇವರಿಗೆ ಸೇರಿದ್ದು. ಕನಕಪುರ ರಸ್ತೆಯಲ್ಲಿ ಬಹಳ ಮುಂದೆ ಹೋದರೆ ಅವರ ಮೂಲದ ಹಳ್ಳಿ ಸಿಗುತ್ತದೆ, ಅಲ್ಲಿದೆ ಗುಡಿ. ಅದರ ಮುಂದೆ ಸೋದರಮಾವನ ತೊಡೆಯ ಮೇಲೆ ಕೂರಿಸಿ ಮುಡಿ ತೆಗೆಸುವವರೆಗೆ ಮಗುವಿನ ತಲೆಗೆ ಕತ್ತರಿ ಸೋಕಿಸುವಂತಿಲ್ಲ. ಮೊದಲ ವರ್ಷದಲ್ಲಿ ಆಗಬೇಕು, ತಪ್ಪಿದರೆ ಮೂರನೆಯದರಲ್ಲಿ. ಸರಿಸಂಖ್ಯೆಯ ವರ್ಷ ಆಗದು. ನನ್ನ ಮಗನಿಗೆ ಮೊದಲ ವರ್ಷ ನ್ಯುಮೋನಿಯಾ ಆಗಿ ತಪ್ಪಿತ್ತು. ಈಗ ಮೂರು ನಡೆಯುತ್ತಿತ್ತು, ಕೂದಲು ಭುಜ ದಾಟಿತ್ತು. ಅತ್ತೆ ಎರಡು ಜುಟ್ಟು ಕಟ್ಟಿ ಕೆಂಪು ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು. ಪಾರ್ಕಿನಲ್ಲಿ ಯಾರಾದರೂ "ಎಷ್ಟ್ ಮುದ್ದಾಗಿದಾಳೆ ಪಾಪು" ಎಂದರೆ ನಾನು ತಿದ್ದುತ್ತಿರಲಿಲ್ಲ. ನಿಜವಾಗಿಯೂ ಮುದ್ದಾಗಿದ್ದ.

ಹೇನು ಮನೆಗೆ ಬಂದದ್ದು ಮಗಳ ತಲೆಯಲ್ಲಿ. ಒಂದನೇ ಕ್ಲಾಸು, ಸ್ಕೂಲ್ ವ್ಯಾನಿನಲ್ಲಿ ತಲೆಗೆ ತಲೆ ತಾಗಿಸಿಕೊಂಡು ನಿದ್ದೆ ಹೊಡೆಯುವ ಮಕ್ಕಳು, ಬಂದೇ ಬರುತ್ತದೆ. ನಾನು ಕಿರುಚಿದೆ, ಅತ್ತೆ ನಕ್ಕರು, ಮಗಳು ಅತ್ತಳು. ಅದೇ ಸಂಜೆ ಅವಳಿಗೆ ಬಾಯ್‌ಕಟ್ ಮಾಡಿಸಿ, ಮೆಡಿಕಲ್ ಸ್ಟೋರಿನಿಂದ ತಂದ ಶಾಂಪೂ ಹಾಕಿ, ದಿಂಬಿನ ಕವರುಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿ ಮುಗಿಸಿದೆ. ಅಷ್ಟರಲ್ಲಿ ಹೇನು ಅವಳ ತಮ್ಮನ ತಲೆಗೂ ಹತ್ತಿತ್ತು.

ಅವನದು ಗುಂಗುರು ಕೂದಲು. ಹೇನು ಬಾಚುವ ಸೀರಣಿಗೆ ಎರಡು ಬೆರಳಿನಷ್ಟು ಇಳಿಯುವ ಮೊದಲೇ ಸಿಕ್ಕಿಕೊಳ್ಳುತ್ತಿತ್ತು, ಎಳೆದರೆ ಬೊಬ್ಬೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿದೆವು, ಬೇವಿನ ಸೊಪ್ಪು ಅರೆದು ಮೆತ್ತಿದೆವು. ಹೇನುಗಳಿಗೆ ಅದರಿಂದ ಏನೂ ಆಗಲಿಲ್ಲ. ಅವನು ಕೆರೆದುಕೊಂಡ, ಉಗುರು ತಾಗಿ ಗಾಯವಾಯಿತು, ಗಾಯ ಕೀವಾಯಿತು, ಕೀವು ಕೂದಲಿಗೆ ಅಂಟಿ ಒಣಗಿ ಹಕ್ಕಳೆಗಟ್ಟಿತು. ಹಕ್ಕಳೆಯ ಕೆಳಗೆ ಮತ್ತೆ ಹೇನು. ಕಿವಿಯ ಹಿಂದೆ ಕೂದಲು ಎತ್ತಿದರೆ ಬಿಳಿ ಸೀರುಗಳು ಎಳ್ಳು ಚೆಲ್ಲಿದ ಹಾಗೆ. ಹುಳಿ ಬಂದ ಹಿಟ್ಟಿನ ವಾಸನೆ. ದಿನಕ್ಕೆ ನೂರು ಸಲ ಮಗನ ನೆತ್ತಿಗೆ ಮುತ್ತು ಕೊಡುತ್ತಿದ್ದವಳು ಕೆನ್ನೆಗೆ ಮಾತ್ರ ಕೊಡತೊಡಗಿದೆ. ಅದೂ ಉಸಿರು ಬಿಗಿಹಿಡಿದು.

ಜಯನಗರದ ಮಕ್ಕಳ ಡಾಕ್ಟರ್ ನೋಡಿದ ತಕ್ಷಣ ಹೇಳಿದರು: "ಮೊದ್ಲು ಕೂದಲು ಪೂರ್ತಿ ತೆಗೆಸಿ ಅಮ್ಮ, ಆಮೇಲೆ ಕ್ರೀಮ್ ಹಚ್ಚೋಣ. ಈ ಕೂದಲಿಟ್ಕೊಂಡು ಏನ್ ಹಚ್ಚಿದ್ರೂ ವೇಸ್ಟು."

ಮನೆಗೆ ಬಂದು ಅತ್ತೆಗೆ ಅದನ್ನೇ ಹೇಳಿದೆ. ಅವರ ಮುಖ ಸಣ್ಣಗಾಯಿತು. "ಮನೆದೇವ್ರ ಕೂದ್ಲು ಕಣವ್ವ ಅದು. ದೊಡ್ಡೋರ್ನ ಒಂದ್ ಮಾತ್ ಕೇಳ್ಬೇಕು."

ದೊಡ್ಡೋರು ಎಂದರೆ ನನ್ನ ಮಾವನವರ ಅಣ್ಣ. ಮಾವ ತೀರಿಕೊಂಡ ಮೇಲೆ ಮನೆತನಕ್ಕೆ ಅವರೇ ಹಿರಿಯರು, ನಾನು ದೊಡ್ಡ ಮಾವ ಎನ್ನುತ್ತೇನೆ. ಕೋಣನಕುಂಟೆಯಲ್ಲಿ ಅವರದೂ ಬಾಡಿಗೆ ಕಟ್ಟಡ ಇದೆ. ಬಿಳಿ ಪಂಚೆ, ಬಿಳಿ ಷರ್ಟು, ಕಿವಿಯಲ್ಲಿ ಅತ್ತರಿನ ಹತ್ತಿ. ಷರ್ಟಿನ ಮೇಲೆ ಒಂದು ಕಲೆ ಬಿದ್ದರೆ ಹೊರಟ ಕೆಲಸ ಬಿಟ್ಟು ಮನೆಗೆ ವಾಪಸ್ ಹೋಗಿ ಬದಲಾಯಿಸಿಕೊಂಡು ಬರುವ ಮನುಷ್ಯ. ಅವರು ಫೋನಿನಲ್ಲಿ, "ಆಸಾಡ ಕಣವ್ವ, ಆಸಾಡ್ದಲ್ಲಿ ಯಾರಾದ್ರೂ ಮುಡಿ ತೆಗೆಸ್ತಾರಾ? ಸ್ರಾವಣ ಬರ್ಲಿ" ಎಂದರು. ಸರಿ, ಆಷಾಢ ಎಲ್ಲರಿಗೂ ಆಷಾಢವೇ. ಕಾದೆ.

ಶ್ರಾವಣ ಬಂತು, ದಿನ ಗೊತ್ತಾಯಿತು. ನನ್ನ ಅಣ್ಣ ಆಫೀಸಿಗೆ ರಜೆ ಹಾಕಿದ. ಹಿಂದಿನ ದಿನ ದೊಡ್ಡ ಮಾವ ಎಲ್ಲವನ್ನೂ ನಿಲ್ಲಿಸಿದರು. ಏನೆಂದರೆ, ಗುಡಿಯಲ್ಲಿ ಪೂಜೆಯಾದ ಮೇಲೆ ಮಂಗಳಾರತಿ ತಟ್ಟೆ ಮೊದಲು ಯಾರ ಮುಂದೆ ಬರಬೇಕು ಎಂದು ಅವರಿಗೂ ಅವರ ದಾಯಾದಿಯೊಬ್ಬರಿಗೂ ಜಗಳ. ಹಿಂದಿನ ಪೂಜೆಯಲ್ಲಿ ಪೂಜಾರಿ ತಟ್ಟೆಯನ್ನು ಮೊದಲು ಆ ದಾಯಾದಿಯ ಮುಂದೆ ಹಿಡಿದಿದ್ದನಂತೆ. ಇದನ್ನು ಇತ್ಯರ್ಥ ಮಾಡದೆ ನಮ್ಮ ಮನೆಯ ಯಾವ ಕಾರ್ಯವೂ ಅಲ್ಲಿ ನಡೆಯಕೂಡದು.

ನಾನು ಮಗನನ್ನು ಎತ್ತಿಕೊಂಡು ಆಟೋದಲ್ಲಿ ಕೋಣನಕುಂಟೆಗೆ ಹೋದೆ. ಕಣ್ಣಾರೆ ನೋಡಿದರೆ ಮನಸ್ಸು ಕರಗಬಹುದು ಎಂಬ ಆಸೆ. ಅವರ ಮುಂದೆ ನಿಂತು ಮಗನ ಟೋಪಿ ತೆಗೆದೆ. ಅವರು ಒಂದು ಕ್ಷಣ ನೋಡಿ ಮುಖ ಆಚೆ ತಿರುಗಿಸಿದರು.

"ಮುಚ್ಚವ್ವ, ಮುಚ್ಚು. ಊಟದ್ ಹೊತ್ತು."

"ಮಾವ, ಕೀವಾಗಿದೆ. ಡಾಕ್ಟ್ರು ಮೊದಲು ಕೂದಲು ತೆಗೀಲೇಬೇಕು ಅಂದಿದಾರೆ."

"ಮಕ್ಕಳ ತಲೆ ಅಂದ್ಮೇಲೆ ಹೇನು ಇರ್ದೆ ಇರ್ತದಾ? ನಮ್ ತಲೇಲಿ ಸೇರ್ಗಟ್ಲೆ ಇದ್ವು. ಸತ್ತೋದ್ವಾ ನಾವು? ಮೊದ್ಲ ಮಂಗ್ಳಾರ್ತಿ ನಂಗೆ ಬರಾಗಂಟ ನಮ್ಮನೆ ಮಗ ಆ ಗುಡಿ ಮೆಟ್ಲು ಹತ್ತಾಕಿಲ್ಲ."

ನಾನು ಮತ್ತೆ ಹಾಕಿದ್ದ ಟೋಪಿಯೊಳಗೆ ಆಗಲೇ ಕೈ ತೂರಿಸಿ ಕೆರೆದುಕೊಳ್ಳುತ್ತಿದ್ದ ನನ್ನ ಮಗ "ಅಮ್ಮಾ, ಉರಿ" ಎಂದ. ದೊಡ್ಡ ಮಾವ ಅಷ್ಟರಲ್ಲಿ ಮೊಬೈಲ್ ಎತ್ತಿಕೊಂಡಿದ್ದರು.

ರಾತ್ರಿಯ ಊಟಕ್ಕೆ ಕೂತಾಗ ಗಂಡನ ಮೇಲೆ ಹರಿಹಾಯ್ದೆ. "ದೊಡ್ಡಪ್ಪನ ಮಾತು ಮೀರಕ್ಕಾಗಲ್ಲ ಕಣೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ" ಎಂದರು. ಕಚ್ಚಿಸಿಕೊಳ್ಳುತ್ತಿದ್ದವನು ಮಗ, ಅಡ್ಜಸ್ಟ್ ಮಾಡಿಕೊಳ್ಳಬೇಕಾದವಳು ನಾನು, ಮಂಗಳಾರತಿ ಅವರ ದೊಡ್ಡಪ್ಪನಿಗೆ. ಮಾರನೆಯ ದಿನ ಮಗನನ್ನು ಕರೆದುಕೊಂಡು ನೇರ ಕೆಳಗಿನ ಸಲೂನಿಗೆ ಇಳಿದೆ. ಸಲೂನಿನವನು ಕುರ್ಚಿ ಒರೆಸುತ್ತಿದ್ದವನು ನಿಲ್ಲಿಸಿದ. "ಅಕ್ಕ, ತಪ್ ತಿಳ್ಕೋಬೇಡಿ. ಓನರ್ ಅಮ್ಮ ಮೊದ್ಲೇ ಹೇಳವ್ರೆ, ಮನೆದೇವ್ರ ಕೂದ್ಲು ಅಂತ. ನಾನ್ ಮುಟ್ಟಲ್ಲ."

ಮೇಲೆ ಬಂದು ಅಡುಗೆಮನೆಯ ಕತ್ತರಿ ತೆಗೆದುಕೊಂಡೆ. ಅತ್ತೆ ಅಡ್ಡ ಬರಲಿಲ್ಲ, ಕೂಗಾಡಲೂ ಇಲ್ಲ. ಬಾಗಿಲಲ್ಲಿ ನಿಂತು, "ಆಮೇಲ್ ಕೂಸ್ಗೆ ಏನಾರಾ ಆದ್ರೆ ನನ್ ಕೇಳ್ಬೇಡ" ಎಂದರು, ಅಷ್ಟೇ. ನಾನು ದೇವರಿಗೆ ಹೆದರುವವಳಲ್ಲ. ಆದರೆ ನ್ಯುಮೋನಿಯಾದಲ್ಲಿ ಮಲಗಿದ್ದ ಮಗನನ್ನು ಒಮ್ಮೆ ನೋಡಿದ ಮೇಲೆ ಆ ಮಾತು ಕೇಳಿಸಿಕೊಂಡು ಕತ್ತರಿ ಆಡಿಸುವುದು ಸುಲಭವಲ್ಲ. ಕತ್ತರಿಯನ್ನು ಜಾಗದಲ್ಲಿ ಇಟ್ಟೆ. ಇಡೀ ಮಧ್ಯಾಹ್ನ ಕೆಳಗಿನ ಸಲೂನಿನಲ್ಲಿ ಮಷೀನು ಗುಯ್‌ಗುಡುತ್ತಿತ್ತು. ಊರವರ ತಲೆಯೆಲ್ಲ ಹಗುರವಾಗುತ್ತಿತ್ತು.

ಈ ಮನೆಯ ಶುದ್ಧಿಯ ಬಗ್ಗೆಯೂ ಹೇಳಬೇಕು. ಅತ್ತೆ ಹಾಲಿನ ಪ್ಯಾಕೆಟ್ಟನ್ನು ಎರಡು ಸಲ ತೊಳೆಯುತ್ತಾರೆ. ನಾನು ಮುಟ್ಟಾದಾಗ ದೇವರ ಮನೆಯ ಬಾಗಿಲು ಹಾಕುತ್ತಾರೆ. ಬಾಡಿಗೆಯ ಹುಡುಗರು ಚಪ್ಪಲಿಯಲ್ಲಿ ಮೆಟ್ಟಿಲು ಹತ್ತಿದರೆ ಹಿಂದೆಯೇ ನೀರು ಸುರಿದುಕೊಂಡು ಹೋಗುತ್ತಾರೆ. ಅದೇ ಅತ್ತೆ ಮೊಮ್ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇನು ಹಿಡಿದು ಉಗುರಿನ ಮೇಲೆ ಚಟ್ ಎಂದು ಕುಕ್ಕಿ, ಸೆರಗಿಗೆ ಒರೆಸಿಕೊಂಡು, ಎದ್ದು ಸೊಪ್ಪು ಬಿಡಿಸಲು ಹೋಗುತ್ತಿದ್ದರು. ಒಂದು ದಿನ ನಾನು ಆ ಸೊಪ್ಪಿನ ಸಾರು ಉಣ್ಣಲಿಲ್ಲ, ಮೊಸರನ್ನ ತಿಂದೆ. "ನೋಡ್ರಪ್ಪ, ಸುರು ಆಯ್ತು ಮೂಗು ಮುರಿಯೋದು" ಎಂದರು.

ಪಿತೃಪಕ್ಷ ಬಂತು. ನಮ್ಮಲ್ಲಿ ಹಿರಿಯರ ಹಬ್ಬ. ಮಾವನವರ ಫೋಟೊ ಮುಂದೆ ಎಡೆ ಇಟ್ಟು, ಮಟನ್ ಸಾರು, ಮುದ್ದೆ, ಅನ್ನ, ಬಂಧುಗಳಿಗೆಲ್ಲ ಊಟ. ಪಂಕ್ತಿಯ ಮೊದಲ ಎಲೆ ದೊಡ್ಡ ಮಾವನದು. ಮುದ್ದೆ ಮುಗಿಸಿ ಅನ್ನಕ್ಕೆ ಬಂದಿದ್ದರು. ಯಾರೋ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಿದ್ದರು, ಅದನ್ನು ಕಂಡು ಇವರಿಗೆ ಹುರುಪು ಬಂತು. "ಬಾರ್ಲಾ ಮಗ, ತಾತನ್ ತೊಡೆ ಮೇಲ್ ಕೂತ್ಕಾ" ಎಂದು ನನ್ನ ಮಗನನ್ನು ಎಳೆದು ಕೂರಿಸಿಕೊಂಡರು.

ನಾನು ಅನ್ನದ ಪಾತ್ರೆ ಹಿಡಿದು ಎದುರಿಗೇ ಇದ್ದೆ, ಎಲ್ಲವನ್ನೂ ನೋಡಿದೆ. ಮಗ ಮುಂದಕ್ಕೆ ಬಾಗಿ ಎರಡೂ ಕೈಯಲ್ಲಿ ತಲೆ ಕೆರೆದುಕೊಂಡ. ಬೆಳ್ಳಗಿನ ಬಿಸಿ ಅನ್ನದ ಮೇಲೆ ಹಕ್ಕಳೆಯ ಒಂದು ಚೂರು ಬಿತ್ತು, ಜೊತೆಗೆ ಎರಡು ಹೇನು. ಒಂದು ಕಾಲು ಆಡಿಸುತ್ತಿತ್ತು. ಮೂರನೆಯದು ಬಿಳಿ ಷರ್ಟಿನ ತೋಳಿನ ಮೇಲೆ ನಿಧಾನವಾಗಿ ಹತ್ತುತ್ತಿತ್ತು. ರಕ್ತ ಕುಡಿದು ಕಪ್ಪಗೆ ದಪ್ಪಗಾಗಿತ್ತು.

"ಥೂ ಥೂ ಥೂ!" ದೊಡ್ಡ ಮಾವ ದಿಗ್ಗನೆ ಎದ್ದರು. ಮಗ ಅವರ ತೊಡೆಯಿಂದ ಜಾರಿ ನೆಲಕ್ಕೆ ಬಿದ್ದ. ಅವರು ಅವನನ್ನು ದಾಟಿಕೊಂಡು ಹೋಗಿ ಕೈ ತೊಳೆದರು, ಬಾಯಿ ಮುಕ್ಕಳಿಸಿದರು, ಷರ್ಟು ಬಿಚ್ಚಿ ಬಾಲ್ಕನಿಯಿಂದ ಆಚೆ ಹಿಡಿದು ಕೊಡವಿದರು. ಬನಿಯನ್ನಿನಲ್ಲಿ ನಿಂತು ಕೂಗಿದರು: "ನಾಳೆ ಬೆಳಿಗ್ಗೇನೇ ಬೋಳ್ಸಾಕ್ರಿ ಅದ್ನ! ಮುಡಿಪು ಕಟ್ಟಿಟ್ರೆ ಆಯ್ತದೆ!"

ನನಗೆ ಅರ್ಥವಾಗಲಿಲ್ಲ. ಅತ್ತೆಯನ್ನು ಕೇಳಿದೆ. ಕೂದಲನ್ನು ಮನೆಯಲ್ಲೇ ತೆಗೆಸಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಇಟ್ಟರಾಯಿತು. ಅನುಕೂಲವಾದಾಗ ಗುಡಿಗೆ ಒಯ್ದು ಒಪ್ಪಿಸಬಹುದು. "ಹಿಂದೆಲ್ಲ ಕಾಯ್ಲೆ ಬಿದ್ದ ಮಕ್ಳಿಗೆ ಹಂಗೇ ಮಾಡ್ತಿದ್ರು ಬುಡು" ಎಂದರು.

"ಹಾಗಾದ್ರೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅತ್ತೆ?"

"ದೊಡ್ಡೋರು ಹೇಳ್ಬೇಕಲ್ಲವ್ವ."

ಆಷಾಢ ಆಗದು, ಪಿತೃಪಕ್ಷ ಆಗುತ್ತದೆ. ಮಗುವಿನ ತಲೆಯ ಕೀವಿಗೆ ಇಲ್ಲದ ದಾರಿ ಅವರ ಷರ್ಟಿನ ತೋಳಿಗೆ ಕ್ಷಣದಲ್ಲಿ ಸಿಕ್ಕಿತು. ಹೇನಿನ ಮೇಲೆ ನನಗಿದ್ದ ಅಸಹ್ಯ ಅಲ್ಲೇ ಇಳಿದುಹೋಯಿತು. ಅದು ಪಾಪ ಹೊಟ್ಟೆಪಾಡಿಗೆ ಕಚ್ಚುತ್ತದೆ. ನನಗೆ ವಾಕರಿಕೆ ಬಂದದ್ದು ಬನಿಯನ್ನಿನಲ್ಲಿ ನಿಂತಿದ್ದ ಆ ಮನುಷ್ಯನನ್ನು ಕಂಡು, ಅವರಿಗೆ ಬೇರೆ ಎಲೆ ಹಾಕಲು ಓಡಾಡುತ್ತಿದ್ದ ನನ್ನ ಗಂಡನನ್ನು ಕಂಡು. ಮಗ ಇನ್ನೂ ನೆಲದ ಮೇಲೇ ಕೂತಿದ್ದ. ಪಾತ್ರೆ ಕೆಳಗಿಟ್ಟು ಅವನನ್ನು ಎತ್ತಿಕೊಂಡೆ.

ಬೆಳಿಗ್ಗೆ ಅಣ್ಣ ಬಂದ. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ, ಸಲೂನಿನವನು ಮೇಲೆ ಬಂದು ಕೆಲಸ ಶುರು ಮಾಡಿದ. ಕೂದಲು ಎಳೆ ಎಳೆಯಾಗಿ ಬೀಳಲಿಲ್ಲ, ಚಾಪೆಯ ತುಂಡಿನ ಹಾಗೆ ಒಟ್ಟಿಗೇ ಎದ್ದಿತು. ಹಕ್ಕಳೆ ಕಿತ್ತಲ್ಲೆಲ್ಲ ರಕ್ತ. ಅತ್ತು ಅತ್ತು ಮಗನ ದನಿ ಬಿದ್ದುಹೋಯಿತು. ಮುಗಿದ ಮೇಲೆ ನೋಡಿದರೆ ಆ ಪುಟ್ಟ ತಲೆಯ ತುಂಬ ಕೆಂಪು ಗುಳಿಗಳು. ಅತ್ತೆ ಕೂದಲನ್ನು ಅರಿಶಿನದ ಬಟ್ಟೆಗೆ ಹಾಕಿ ಕಟ್ಟುವಾಗ ಬಟ್ಟೆಯ ಮೇಲೆ ಹೇನು ಓಡಾಡುತ್ತಿದ್ದವು. ನಾನು ಗಂಟನ್ನು ಅವರ ಕೈಯಿಂದ ತೆಗೆದುಕೊಂಡು ಸ್ಟೀಲ್ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದೆ. ಡಬ್ಬಿ ದೇವರ ಮನೆಯಲ್ಲಿ, ಕುಂಕುಮದ ಬಟ್ಟಲಿನ ಪಕ್ಕದಲ್ಲಿ ಕೂತಿತು.

ಗಾಯ ಮಾಯಿತು, ಡಾಕ್ಟರ್ ಕೊಟ್ಟ ಕ್ರೀಮು ಒಂದು ಟ್ಯೂಬಿನಲ್ಲೇ ಕೆಲಸ ಮಾಡಿತು. ಕೂದಲು ಮತ್ತೆ ಚಿಗುರಿತು, ಗುಳಿ ಇದ್ದ ಕೆಲವು ಕಡೆ ಬರಲಿಲ್ಲ.

ಕಾರ್ತಿಕದಲ್ಲಿ ಅವನಿಗೆ ಮೂರು ತುಂಬಿತು. ಸಂಜೆ ಕೇಕು, ಬೆಲೂನು. ದೊಡ್ಡ ಮಾವ ಬಂದು ದೊಡ್ಡ ಸೋಫಾದಲ್ಲಿ ಕೂತರು, ಬಹಳ ಖುಷಿಯಲ್ಲಿದ್ದರು. ಜಗಳ ತೀರ್ಮಾನವಾಗಿತ್ತು, ಮೊದಲ ಮಂಗಳಾರತಿ ಅವರಿಗೇ. ಮುಂದಿನ ವಾರವೇ ಎಲ್ಲರೂ ಹೋಗಿ ಮುಡಿಪು ಒಪ್ಪಿಸೋಣ ಎಂದರು. ನನ್ನ ಗಂಡ ಮಗನನ್ನು ಮುಂದಕ್ಕೆ ತಳ್ಳಿ, "ತಾತಂಗೆ ನಮಸ್ಕಾರ ಮಾಡು ಕಂದ" ಎಂದರು. ಮಗ ಹೋಗಿ ಬಾಗಿದ. ದೊಡ್ಡ ಮಾವ ಆಶೀರ್ವಾದ ಮಾಡಲು ಅವನ ತಲೆಯ ಕಡೆಗೆ ಕೈ ಚಾಚಿದರು.

ಮಗ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಯಾಕ್ಲಾ ಮಗ, ಹೆದ್ರುಕತೀಯಾ?" ದೊಡ್ಡ ಮಾವ ನಕ್ಕರು. ಗಂಡ, "ಕೈ ತೆಗಿ, ತಾತ ಒಳ್ಳೇದು ಮಾಡ್ತಾರೆ" ಎಂದು ಅವನ ಬೆರಳು ಬಿಡಿಸಲು ನೋಡಿದರು. ಅವನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ನಾನು ದೇವರ ಮನೆಗೆ ಹೋಗಿ ಡಬ್ಬಿ ತಂದು ದೊಡ್ಡ ಮಾವನ ಮುಂದೆ ಹಿಡಿದೆ.

"ಮಾವ, ದೇವರಿಗೆ ಸೇರಬೇಕಾದ್ದು ಇದು. ನೀವೇ ತಗೊಂಡ್ಹೋಗಿ ಒಪ್ಪಿಸಿಬಿಡಿ. ತಲೆ ನನ್ನ ಹತ್ರ ಇರುತ್ತೆ."

ಅವರು ಡಬ್ಬಿಯನ್ನು ನೋಡಿದರು. ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡು ಷರ್ಟಿನ ತೋಳು ಕೊಡವಿಕೊಂಡರು.

"ಅಲ್ಲೇ ಇಡವ್ವ" ಎಂದರು. "ದೂರ ಇಡು."

ಡಬ್ಬಿ ಇನ್ನೂ ನಮ್ಮ ದೇವರ ಮನೆಯಲ್ಲೇ ಇದೆ. ಅದನ್ನು ಒಯ್ಯಲು ಇದುವರೆಗೆ ಯಾರೂ ಬಂದಿಲ್ಲ.