ನಿಂತುಹೋದ ಪರದೆ

ಫಿಲಿಪೀನ್ಸಿನ ದುಮಗೆಟೆಯ ಕಡಲದಂಡೆಯ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಫ್ಲೊರ್ದೆಲಿಸಾಳನ್ನು ಎಲ್ಲರೂ ಮನಾಂಗ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಹರೆಯದಲ್ಲಿ ಟೆಲಿಫೋನ್ ಕೇಂದ್ರದಲ್ಲಿದ್ದವಳು. ಮದುವೆಯ ಮಾತೆತ್ತಿದವರಿಗೆ, "ಊರವರ ಜಗಳ ಎಲ್ಲಾ ಫೋನಲ್ಲೇ ಕೇಳಿಸ್ಕೊಂಡಿದೀನಿ, ಸಾಕಪ್ಪ" ಅನ್ನುತ್ತಿದ್ದಳು.

ಹೊಸ ಐಸಿಯು ಕಟ್ಟಿದ ಗುತ್ತಿಗೆದಾರ ಅಲ್ಲಿನ ನೆಟ್‌ವರ್ಕ್ ಕೇಬಲ್ ಸೇರಿಸುವ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀಯನ್ನೇ ಬಂದ್ ಮಾಡಿಬಿಟ್ಟಿದ್ದ. ಕೇಬಲ್‌ಗಳು ಸುತ್ತು ಬಿದ್ದರೆ ಒಂದು ದಾರಿಯನ್ನು ತಾನಾಗಿ ಮುಚ್ಚುವ ಏರ್ಪಾಡು ಅದು; ಇಲ್ಲದಿದ್ದರೆ ಮಾಹಿತಿ ಅದೇ ಸುತ್ತಿನಲ್ಲಿ ಗಿರಕಿ ಹೊಡೆದು ಇಡೀ ಜಾಲ ಕಟ್ಟಿಕೊಳ್ಳುತ್ತದೆ. ಅದಿದ್ದರೆ ಯಂತ್ರಗಳು ಚಾಲೂ ಆಗುವುದು ತಡ ಎಂಬುದು ಅವನ ನೆಪ. ಒಂದೇ ಮಾಹಿತಿಯನ್ನು ಹಲವೆಡೆಗೆ ಕಳಿಸುವ, ಮಾನಿಟರುಗಳ ಮಲ್ಟಿಕಾಸ್ಟ್‌ಗೂ ಕಡಿವಾಣವಿರಲಿಲ್ಲ. ನರ್ಸುಗಳ ಪರದೆಗೆ ಮಾತ್ರ ಹೋಗಬೇಕಾದ ರೋಗಿಗಳ ಎದೆಬಡಿತ ಅಡುಗೆಮನೆಯ ಪ್ರಿಂಟರಿನವರೆಗೂ ಹರಿಯುತ್ತಿತ್ತು. ಪರದೆಯ ಮೇಲಿನ ಗೆರೆಗಳು ಆಗಾಗ ಕ್ಷಣಕಾಲ ತಡೆದು ಮತ್ತೆ ಓಡುತ್ತಿದ್ದವು. ಅದನ್ನು ಕಂಡಾಗೆಲ್ಲ ಮನಾಂಗ್ ಹೊತ್ತನ್ನು ಗುರುತು ಹಾಕಿಕೊಳ್ಳುತ್ತಿದ್ದಳು.

"ಸ್ವಲ್ಪ ಹೊತ್ತು ನೆಟ್‌ವರ್ಕ್ ನಿಲ್ಲಿಸೋಕೆ ಬಿಡಿ ಸರ್, ಸರಿಮಾಡ್ತೀನಿ" ಎಂದು ಆಡಳಿತಾಧಿಕಾರಿ ಎಸ್ಕಾನ್ಯೊನನ್ನು ಕೇಳಿಕೊಂಡಳು.

"ಬಿಷಪ್ಪರು ಹೊಸ ಐಸಿಯು ಆಶೀರ್ವಾದಕ್ಕೆ ಬರ್ತಿದಾರೆ. ನಡೀತಿರೋದನ್ನ ಯಾಕೆ ಕೆದಕ್ತೀರಿ ಮನಾಂಗ್?"

ಆಶೀರ್ವಾದದ ದಿನ ಅಂಗಳದಲ್ಲಿ ಇಡೀ ಹಂದಿ ಸುಡುತ್ತಿತ್ತು, ಬ್ಯಾಂಡು ಬಾರಿಸುತ್ತಿತ್ತು. ಸಭಾಂಗಣ ಸಿಂಗರಿಸುತ್ತಿದ್ದವರು ಯಾರೋ, ನೇತಾಡುತ್ತಿದ್ದ ಕೇಬಲ್ಲಿನ ಎರಡೂ ತುದಿಗಳನ್ನು ಗೋಡೆಯ ನೆಟ್‌ವರ್ಕ್ ತೂತುಗಳಿಗೆ ಸಿಕ್ಕಿಸಿ ಅಚ್ಚುಕಟ್ಟು ಮಾಡಿದರು. ಕೆಳಗಿನ ಕೋಣೆಯಲ್ಲಿ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಹುಚ್ಚುಹುಚ್ಚಾಗಿ ಮಿನುಗತೊಡಗಿದವು. ಮನಾಂಗ್ ಮೆಟ್ಟಿಲು ಹತ್ತಿ ಐಸಿಯುಗೆ ಓಡಿದಳು.

"ಊಟ ಆಯ್ತಾ ಮನಾಂಗ್?" ನರ್ಸ್ ಜುನಾ ನಕ್ಕಳು. "ಇಲ್ಲಿ ಎಲ್ಲಾ ಶಾಂತ. ಬೀಪ್ ಅನ್ನೋ ಸದ್ದೂ ಇಲ್ಲ."

ಪರದೆಯ ಮೂಲೆಯ ಗಡಿಯಾರ ನಿಂತಿತ್ತು. ಗೆರೆಗಳು ಬರೆದಿಟ್ಟ ಚಿತ್ರದಂತಿದ್ದವು.

"ಪರದೆ ಸತ್ತಿದೆ ಕಣೇ! ಹಾಸಿಗೆ ಹತ್ರ ಓಡು!"

ಮೂಲೆಯ ಕೋಣೆಯ ಗಾಜಿನ ಬಾಗಿಲ ಹಿಂದೆ ಮಾನಿಟರ್ ಒಂದೇ ಸಮನೆ ಕೂಗುತ್ತಿತ್ತು. ಬ್ಯಾಂಡಿನ ಗದ್ದಲದಲ್ಲಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಸಕ್ಕರೆ ಗಿರಣಿಯ ಕೂಲಿ ಇಸ್ಕೊನ ಮೈ ಆಗಲೇ ತಣ್ಣಗಾಗುತ್ತಿತ್ತು. ಡಾಕ್ಟರು ಎದೆ ಒತ್ತಿದರು, ಪ್ರಯೋಜನವಾಗಲಿಲ್ಲ.

ಮನಾಂಗ್ ಹುಡುಕಿ ಆ ಕೇಬಲ್ ಕಿತ್ತಳು. ಯಾರ ಅಪ್ಪಣೆಗೂ ಕಾಯದೆ ಸ್ಪ್ಯಾನಿಂಗ್ ಟ್ರೀ ಹಾಕಿ ಕೆಳಗಿನ ದೊಡ್ಡ ಸ್ವಿಚ್ಚನ್ನು ಉಳಿದವಕ್ಕೆಲ್ಲ ಮೂಲವಾಗಿ ಇಟ್ಟಳು. ಮಲ್ಟಿಕಾಸ್ಟ್ ಬೇಕೆಂದ ಪರದೆಗಳಿಗಷ್ಟೇ ಹೋಗುವಂತೆ ಕಡಿವಾಣ ಹಾಕಿದಳು.

"ಕೇಳಿದವರಿಗೆ ಕರೆಂಟ್ ಏರುಪೇರಾಯ್ತು ಅನ್ನಿ, ಸಾಕು" ಎಂದ ಎಸ್ಕಾನ್ಯೊ.

ಆದರೆ ಇಸ್ಕೊನ ಹೆಂಡತಿ ಮನಾಂಗಳ ಕೈ ಹಿಡಿದು, "ಕೊನೇಲಿ ಯಾರಾದ್ರೂ ಹತ್ರ ಇದ್ರೇನಮ್ಮ?" ಎಂದು ಕೇಳಿದಾಗ ಅವಳಿಗೆ ಸುಳ್ಳು ಬರಲಿಲ್ಲ. "ಇರ್ಲಿಲ್ಲಮ್ಮ. ಪರದೆ ನಿಂತುಹೋಗಿತ್ತು. ನಮಗೆ ಗೊತ್ತೇ ಆಗ್ಲಿಲ್ಲ."

ಮುಂದಿನ ವಾರವೇ ಮನಾಂಗಳ ಕೆಲಸ ಹೋಯಿತು. ಇಸ್ಕೊನ ಹೆಂಡತಿ ದೂರು ಕೊಟ್ಟಳು, ವಿಚಾರಣೆ ನಡೆಯಿತು. ಅಲ್ಲಿ ಗುತ್ತಿಗೆದಾರ ನಿರಾಳವಾಗಿ ಹೇಳಿದ: "ಎಲ್ಲಾ ಆಸ್ಪತ್ರೇಲೂ ನಾವು ಹೀಗೇ ಹಾಕಿರೋದು. ಬೇರೆ ಯಾರೂ ದೂರು ಕೊಟ್ಟಿಲ್ಲವಲ್ಲ!"

ಎಚ್ಚರಿಸಲೆಂದು ಮನಾಂಗ್ ಬಸ್ಸು ಹತ್ತಿ, ಅವನು ಕೆಲಸ ಮಾಡಿದ್ದ ಒಂದೊಂದೇ ಆಸ್ಪತ್ರೆಗೆ ಹೋದಳು. ಗೇಟಿನಲ್ಲಿ ಕಾವಲುಗಾರರು, "ನಿಮಗಿಲ್ಲಿ ಏನು ಕೆಲಸ ಮನಾಂಗ್?" ಎಂದು ನಯವಾಗಿಯೇ ತಡೆದರು. ಒಳಗೆ, ಕಾರಿಡಾರಿನ ಕೊನೆಯಲ್ಲಿ, ಪರದೆಗಳು ಹಸಿರಾಗಿ ಹೊಳೆಯುತ್ತಿದ್ದವು. ಓಡುತ್ತಿವೆಯೋ ನಿಂತಿವೆಯೋ ಅಷ್ಟು ದೂರದಿಂದ ಅವಳಿಗೆ ಕಾಣಿಸಲಿಲ್ಲ.