ಗೆರೆ ಮೇಸ್ತ್ರಿಯ ಕಂಬಗಳು

ಗೆರೆ ಮೇಸ್ತ್ರಿಗೆ ಆ ಹೆಸರು ಬಂದದ್ದು ಕಂಬದ ಮೂಲೆಗಳಿಂದ. ಕಾಂಕ್ರೀಟ್ ಸುರಿಯುವ ಮೊದಲು ಹಲಗೆಗಳ ಅಚ್ಚು ಕಟ್ಟುವುದು ಅವರ ಕಸುಬು. ಅಚ್ಚು ಬಿಚ್ಚಿದಾಗ ಅಂಚು ಗೆರೆ ಕೊರೆದ ಹಾಗಿರಬೇಕು. “ಇವನ ಕಂಬದಲ್ಲಿ ಸೌತೆಕಾಯಿ ಹೆಚ್ಚಬಹುದು” ಎಂದು ಜೊತೆಯವರು ಆಡಿಕೊಂಡರೆ, ಅದನ್ನು ಬಿರುದೆಂದೇ ಹೊತ್ತು ತಿರುಗಿದರು. ಮದುವೆಗೆ ಹೋದರೂ ಮೊದಲು ಛತ್ರದ ಕಂಬಗಳ ಮೇಲೆ ಹೆಬ್ಬೆರಳು ಎಳೆದು, ಮುಖ ಹುಳ್ಳಗೆ ಮಾಡಿ, ಆಮೇಲೆ ಊಟಕ್ಕೆ ಕೂರುವರು. ಹೆಣ್ಣುಗಂಡಿನ ಬಗ್ಗೆ ಅವರಿಗೆ ಅಂಥ ಅಭಿಪ್ರಾಯವೇನೂ ಇರುತ್ತಿರಲಿಲ್ಲ.

ಅವರು ಕಟ್ಟಿದ್ದರಲ್ಲಿ ಈಗ ಉಳಿದದ್ದು ದೊಡ್ಡಾಸ್ಪತ್ರೆಯ ಹಳೇ ವಾರ್ಡು ಒಂದೇ. ಮಿಕ್ಕಿದ್ದನ್ನೆಲ್ಲ ಕೆಡವಿ ಆಗಿತ್ತು. ಆ ವಾರ್ಡಿನ ಕಂಬಗಳೂ ಒಳಗೊಳಗೇ ಸೊರಗಿದ್ದವು. ಕಾರ್ಬನ್ ನಾರಿನ ಬಟ್ಟೆಯನ್ನು ಅಂಟು ಹಚ್ಚಿ ಸುತ್ತಿ ಅವಕ್ಕೆ ಬಲ ಕೊಡುವ ಕೆಲಸ ಬಂದದ್ದು ಮೇಸ್ತ್ರಿಯ ಮಗಳ ಪಾಲಿಗೇ.

ಅವಳು ಊಟದ ಹೊತ್ತಿನಲ್ಲಿ, ಕಣ್ಣು ತಟ್ಟೆಯಲ್ಲಿಟ್ಟು ಹೇಳಿದಳು. “ಮೂಲೆ ಚೂಪಾಗಿದ್ರೆ ನಾರು ಅಲ್ಲೇ ಹರಿಯುತ್ತೆ ಅಪ್ಪ. ಉಜ್ಜಿ ಗುಂಡಗೆ ಮಾಡ್ಬೇಕು.”

“ನನ್ನ ಮೂಲೇನಾ?”

“ಯಾರ ಮೂಲೆ ಆದ್ರೂ.”

“ಬೇರೆಯವರದ್ದು ಹುಟ್ತಾನೇ ಗುಂಡಗಿರುತ್ತೆ ಬಿಡು,” ಎಂದು ಮೇಸ್ತ್ರಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಅಲ್ಲಿಂದ ಮಗಳೊಡನೆ ಮಾತು ನಿಂತಿತು.

“ನನ್ನ ಮಂಡಿ ಸವೆದದ್ದು ಇವರ ಕಣ್ಣಿಗೆ ಬೀಳ್ಲಿಲ್ಲ, ಕಂಬದ ಮೂಲೆಗೆ ಮಾತ್ರ ಎಷ್ಟು ಸಂಕಟ ನೋಡು,” ಎಂದು ಹೆಂಡತಿ ಗೋಡೆಯ ಕಡೆ ತಿರುಗಿ ಹೇಳಿದರು. ಗೋಡೆಯಾದರೂ ಕೇಳಿಸಿಕೊಂಡಿತು.

ತಿಂಗಳೊಪ್ಪತ್ತು ಕಳೆದ ಮೇಲೆ, ಯಾರಿಗೂ ಹೇಳದೆ ಮೇಸ್ತ್ರಿ ಆಸ್ಪತ್ರೆಗೆ ಹೋದರು. ಕಂಬಗಳೆಲ್ಲ ಕಪ್ಪು ಕೋಟು ತೊಟ್ಟು, ಭುಜ ಇಳಿಬಿಟ್ಟು ನಿಂತಿದ್ದವು. ಕೊನೆಯದೊಂದು ಮಾತ್ರ ಹಳೆಯ ಅಂಚಿನ ಸಮೇತ ಬೆತ್ತಲೆಯಾಗಿತ್ತು. ಮೇಸ್ತ್ರಿ ಅದರ ಮೇಲೆ ಬೆರಳು ಎಳೆದರು. ಅಂಚು ಇನ್ನೂ ಗೆರೆ ಕೊರೆದ ಹಾಗೇ ಇತ್ತು. ಉಜ್ಜುವ ಮೆಷಿನ್ನು ಹಿಡಿದು ಮಗಳು ಪಕ್ಕಕ್ಕೆ ಬಂದಳು.

“ಇದನ್ಯಾಕೆ ಬಿಟ್ಟೆ?” ಎಂದರು ಮೇಸ್ತ್ರಿ.

“ನೀವು ಒಂದ್ಸಲ ನೋಡ್ಲಿ ಅಂತ. ನೋಡ್ಕೊಂಡು ಹೋಗಿ, ಆಮೇಲೆ ಉಜ್ತೀನಿ.”

ಮೇಲಿನ ಮಹಡಿಯಲ್ಲಿ ಯಾರೋ ಮಂಚ ಎಳೆದರು. ಹಿಂದೆಯೇ ಉದ್ದನೆಯ ಕೆಮ್ಮು. ಮೇಸ್ತ್ರಿ ತಲೆಯೆತ್ತಿ ಸೂರು ನೋಡಿದರು.

“ಮೇಲೆ ಜನ ಮಲಗಿದಾರೆ, ನೀನು ಇಲ್ಲಿ ನನಗೆ ಕಾಯ್ತಿದೀಯ. ಹಾಕು ಮೆಷಿನ್ನು.”

ಅವಳು ಕೊಟ್ಟ ಮುಖಗವಸು ಕಟ್ಟಿಕೊಂಡರು, ಹೊರಗೆ ಹೋಗಲಿಲ್ಲ. ಮೊದಲ ಮೂಲೆ ಪುಡಿಯಾಗಿ ಉದುರುವಾಗ ಕಣ್ಣು ಮುಚ್ಚಿದರು. ಎರಡನೆಯದಕ್ಕೆ ಹತ್ತಿರ ಬಂದು, ಬಗ್ಗಿ, “ಬುಡದಲ್ಲಿ ಇನ್ನೂ ಚೂಪಿದೆ,” ಎಂದರು.